ಕಾರಣ ಸಿಗದ ಸದ್ದು

ಕ್ಲಾರಿ ಪಾಸ್ಕೋನ ಹಳೇ ವ್ಯಾನು ಊರ ಕಡೆ ತಿರುಗಿತು ಅಂತ ಯಾರಾದರೂ ಒಬ್ಬರು ಫೋನು ಮಾಡಿದರೆ ಸಾಕು, ಸಿಡ್ನಿಯಿಂದ ದೂರದ ನಮ್ಮ ಮಲ್ಲಗೂಲ್‌ನಲ್ಲಿ ಅರ್ಧ ಜನ ಓಡಿ ಹೋಗಿ ಗೋಡೆಯಿಂದ ಏನಾದರೊಂದು ಪ್ಲಗ್ಗು ಕೀಳುತ್ತಿದ್ದರು. ಪಾದ್ರಿಗಳು ಕರೆಂಟಿನ ಕಂಬಳಿಯದು, ಹೆಂಡದಂಗಡಿಯ ಮಿಕ್ ನೊಣ ಸುಡುವ ನೀಲಿ ದೀಪದ್ದು, ನನ್ನ ಯಜಮಾನರು ನನಗೇ ಗೊತ್ತಿಲ್ಲದ ಹಾಗೆ ಶೆಡ್ಡಿನಲ್ಲಿಟ್ಟಿದ್ದ ವೆಲ್ಡಿಂಗ್ ಯಂತ್ರದ್ದು. ಆ ಫೋನುಗಳನ್ನೆಲ್ಲ ಜೋಡಿಸಿಕೊಡುತ್ತಿದ್ದವಳು ನಾನು. ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಇಪ್ಪತ್ತಾರು ವರ್ಷ ಕೂತಿದ್ದೇನೆ. ಈ ಮೇವಿಸ್‌ದು ಹಿತ್ತಾಳೆ ಕಿವಿ ಅಂತ ಆಡಿಕೊಳ್ಳುವವರಿದ್ದಾರೆ. ಹಿತ್ತಾಳೆ ಕಿವಿಯವರು ಕೇಳಿದ್ದನ್ನೆಲ್ಲ ನಂಬುತ್ತಾರೆ. ನಾನು ಕೇಳಿಸಿಕೊಳ್ಳುತ್ತೇನೆ ಅಷ್ಟೇ, ನಂಬುವುದು ಕಡಿಮೆ.

ಊರಿಂದ ಹನ್ನೆರಡು ಮೈಲಿ ಆಚೆ, ಕುರಿ ಬಯಲಿನ ನಡುವೆ, ಆಕಾಶದ ಸದ್ದು ಹಿಡಿಯುವ ದೊಡ್ಡ ಯಂತ್ರವಿದೆ. ಸರ್ಕಾರ ಅದಕ್ಕೊಂದು ಮಾರುದ್ದದ ಹೆಸರಿಟ್ಟಿದೆ, ಆಕಾರ ನೋಡಿ ನಾವು ತಟ್ಟೆ ಅನ್ನುತ್ತೇವೆ. ಆಕಾಶದ ಸದ್ದು ತುಂಬ ಸಣ್ಣದಂತೆ. ಭೂಮಿಯ ಮೇಲೆ ಒಂದು ಹಳೇ ಫ್ರಿಜ್ಜು ಕಿಡಿ ಹಾರಿಸಿದರೂ ಸಾಕಂತೆ, ನಕ್ಷತ್ರ ಮುಚ್ಚಿಹೋಗುತ್ತದಂತೆ. ಆ ಫ್ರಿಜ್ಜು ಯಾರ ಮನೆಯದು ಅಂತ ಪತ್ತೆ ಹಚ್ಚುವುದು ಕ್ಲಾರಿಯ ಕೆಲಸ. ವ್ಯಾನಿನ ತಲೆಯ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ, ಪಕ್ಕದ ಸೀಟಿನಲ್ಲಿ ಗೊರಗೊರ ಅನ್ನುವ ರೇಡಿಯೋ. ಬೆಟ್ಟ ಅಗೆದು ಇಲಿ ಹಿಡಿದ ಅಂತ ಬೇರೆಯವರನ್ನು ನೋಡಿ ನಗುತ್ತೇವೆ. ಕ್ಲಾರಿಗೆ ಅದಕ್ಕೇ ಸಂಬಳ ಕೊಡುತ್ತಿದ್ದರು.

ಆ ಕೆಲಸ ಅವನು ಅರ್ಜಿ ಹಾಕಿ ಪಡೆದದ್ದಲ್ಲ. ಅವನು ಬೇಲಿ ಹಾಕುವವರ ಮನೆಯ ಮಗ. ಹದಿನಾಲ್ಕು ವರ್ಷಕ್ಕೇ ಅಪ್ಪನ ಜೊತೆ ತಂತಿ ಎಳೆದವನು, ಯುದ್ಧದಲ್ಲಿ ನ್ಯೂಗಿನಿಯ ಕಾಡಿನಲ್ಲಿ ಸೈನ್ಯದ ರೇಡಿಯೋ ಹೊತ್ತವನು, ವಾಪಸ್ ಬಂದು ಮತ್ತೆ ತಂತಿ ಎಳೆದವನು. ತಟ್ಟೆ ಎದ್ದ ಮೊದಲ ವರ್ಷ ಅದರ ಸುತ್ತ ಕಂಬ ನೆಡುತ್ತಿದ್ದ. ಒಂದು ಬೆಳಿಗ್ಗೆ ಒಳಗಿನ ವಿಜ್ಞಾನಿಗಳೆಲ್ಲ ಕುಣಿದಾಡುತ್ತಿದ್ದರಂತೆ. ಆಕಾಶದಿಂದ ಟಿಕ್, ಟಿಕ್, ಟಿಕ್, ಗಡಿಯಾರ ಇಟ್ಟಂತೆ ಒಂದು ಸದ್ದು. ಒಬ್ಬರು ಬಾಟಲಿಯ ಬಿರಡೆಯನ್ನೂ ತೆಗೆದಿದ್ದರು. ಕುಡಿಯೋಕೆ ನೀರು ಕೇಳಲು ಬಂದ ಕ್ಲಾರಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಅದು ಪಕ್ಕದ ಫಾರ್ಮಿನ ಹ್ಯಾರಿಗನ್‌ನ ಕೆಳಗಿನ ಹೊಲದ ಕರೆಂಟು ಬೇಲಿ, ಹಸಿ ಕೊಂಬೆ ತಂತಿಗೆ ತಾಗುತ್ತಿದೆ, ಸಂಜೆ ಕಡಿದು ಹಾಕುತ್ತೇನೆ ಅಂದ. ಸಂಜೆ ಕಡಿದ, ಆಕಾಶ ಸುಮ್ಮನಾಯಿತು. ಸೋಮವಾರದಿಂದ ಅವನನ್ನೇ ಕೆಲಸಕ್ಕೆ ಇಟ್ಟುಕೊಂಡರು.

ತಟ್ಟೆಯವರು ಅವನಿಗೊಂದು ಪುಸ್ತಕ ಕೊಟ್ಟಿದ್ದರು. ಅದರಲ್ಲಿ ನಾಲ್ಕು ಖಾನೆ: ತಾರೀಖು, ಸದ್ದು, ಮೂಲ, ಕಾರಣ. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಕ್ಲಾರಿ ಒಂದು ಖಾನೆಯನ್ನೂ ಖಾಲಿ ಬಿಟ್ಟವನಲ್ಲ. ಮಾತು ಕಡಿಮೆಯಾದರೂ ಆ ಪುಸ್ತಕದಲ್ಲಿ ಮಾತ್ರ ಅವನ ನಾಲಿಗೆ ಸಡಿಲ. ಮೂಲ: ಪಾದ್ರಿಗಳ ಹಾಸಿಗೆ. ಕಾರಣ: ಇಲಿ ಕಡಿದ ವೈರು. ಮೂಲ: ಟಗರು. ಕಾರಣ: ತುರಿಕೆ, ಬೇಲಿಗೆ ಕೊಂಬು ಉಜ್ಜುತ್ತದೆ. ಮೂಲ: ಮಿಸೆಸ್ ಟುಲ್ಲಿಯ ಫ್ರಿಜ್ಜು. ಕಾರಣ: ಇಬ್ಬರಿಗೂ ವಯಸ್ಸಾಗಿದೆ, ಇಬ್ಬರೂ ರಿಪೇರಿಗೆ ಒಪ್ಪುವುದಿಲ್ಲ. ಹೆಂಡದಂಗಡಿಯಲ್ಲಿ ಯಾರಾದರೂ ಕೆಣಕುತ್ತಿದ್ದರು, ಏನಪ್ಪಾ ಕ್ಲಾರಿ, ಮೇಲೆ ಬುದ್ಧಿವಂತರು ಯಾರಾದರೂ ಇದ್ದಾರೋ ಇಲ್ಲವೋ ಅಂತ. ಅವನು ಗ್ಲಾಸು ಕೆಳಗಿಟ್ಟು ಯೋಚಿಸಿಯೇ ಉತ್ತರ ಕೊಡುತ್ತಿದ್ದ.

"ಬುದ್ಧಿವಂತರೇ ಆಗಿದ್ರೆ ಅವರ ಬೇಲಿ ನೆಟ್ಟಗಿರುತ್ತೆ. ಬೇಲಿ ನೆಟ್ಟಗಿದ್ರೆ ಸದ್ದು ಬರಲ್ಲ. ಸದ್ದು ಬಂತು ಅಂದ್ರೆ ಅದು ಹ್ಯಾರಿಗನ್ದೇ."

ಇಂಥವನು ಎಪ್ಪತ್ತನೇ ಇಸವಿಯ ಜನವರಿಯ ಸುಡು ಬಿಸಿಲಿನಲ್ಲಿ ಬೆರಿಲ್ ಡ್ರಿಸ್ಕಲ್‌ಳ ಮನೆ ಬಾಗಿಲು ತಟ್ಟಿದ. ಬೆರಿಲ್ ವಿಧವೆ. ಉಣ್ಣೆ ಕತ್ತರಿಸುವ ಕಾಲದಲ್ಲಿ ಕತ್ತರಿಯಾಳುಗಳ ತಂಡದ ಜೊತೆ ಫಾರ್ಮಿನಿಂದ ಫಾರ್ಮಿಗೆ ಹೋಗಿ ಅಡುಗೆ ಮಾಡುವವಳು. ಇಪ್ಪತ್ತು ಗಂಡಸರನ್ನು ಒಂದು ಸೌಟಿನಿಂದ ಹದ್ದುಬಸ್ತಿನಲ್ಲಿಡುವ ಹೆಂಗಸು. ಸದ್ದು ಅವಳ ಹೊಲಿಗೆ ಯಂತ್ರದ ಮೋಟಾರಿನದು. ಕ್ಲಾರಿ ಅದನ್ನು ಬಿಚ್ಚಿ, ಒರೆಸಿ, ಜೋಡಿಸಿ, ಎರಡು ಕಪ್ ಟೀ ಕುಡಿದ. ಮೂರು ವಾರದಲ್ಲಿ ಆ ಯಂತ್ರ ಇನ್ನೂ ನಾಲ್ಕು ಸಲ ಕೆಟ್ಟಿತು. ನಾಲ್ಕನೇ ಸಲ ಅವನು ಮದುವೆಯಾಗುತ್ತೀಯಾ ಅಂತ ಕೇಳಿದ. ಬೆರಿಲ್ ಯಾಕೆ ಅಂದಳು. ಆ ಪುಣ್ಯಾತ್ಮ ಬೆರಳು ಮಡಚಿ ಎಣಿಸತೊಡಗಿದ. ನಿನ್ನ ಮನೆ ಸೋರುತ್ತದೆ, ನನ್ನದು ಸೋರುವುದಿಲ್ಲ. ನಿನಗೆ ಅಡುಗೆ ಬರುತ್ತದೆ, ನನಗೆ ಬರುವುದಿಲ್ಲ. ಹೀಗೆ ಏಳು ಕಾರಣ ಕೊಟ್ಟನಂತೆ. ಏಳರಲ್ಲಿ ಒಂದಾದರೂ ಹೆಂಗಸಿಗೆ ಹೇಳುವಂಥದ್ದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

"ನೋಡು ಕ್ಲಾರಿ," ಅಂದಳು ಬೆರಿಲ್. "ಎಲ್ಲಾದಕ್ಕೂ ಕಾರಣ ಬರೆಯೋ ಗಂಡಸಿನ ಜೊತೆ ಸಂಸಾರ ಮಾಡಿದ್ರೆ ನಾನೂ ಆ ಪುಸ್ತಕದಲ್ಲಿ ಒಂದು ಸಾಲಾಗಿ ಹೋಗ್ತೀನಿ, ಮಿಸೆಸ್ ಟುಲ್ಲಿ ಫ್ರಿಜ್ಜಿನ ಪಕ್ಕದಲ್ಲಿ. ಎಷ್ಟು ಹುಡುಕಿದ್ರೂ ನಿನಗೆ ಕಾರಣ ಸಿಗದೇ ಇರೋ ಸದ್ದು ಒಂದು ಸಿಗಲಿ. ಆವತ್ತು ಬಾ, ಮದುವೆ ಆಗ್ತೀನಿ."

ಬೇರೆ ಯಾವ ಗಂಡಸಾದರೂ ಮಾರನೇ ದಿನವೇ ಒಂದು ಸುಳ್ಳು ಸದ್ದು ಬರೆದುಕೊಂಡು ಬರುತ್ತಿದ್ದ. ಮಿಕ್ ಹಾಗೇ ಮಾಡು ಅಂತ ಬುದ್ಧಿ ಹೇಳಿದ್ದೂ ಉಂಟು. ಹೆಂಡತಿ ಬೇಕು ಅಂತ ಫ್ರಿಜ್ಜನ್ನು ನಕ್ಷತ್ರ ಮಾಡುವುದಕ್ಕಾಗುವುದಿಲ್ಲ ಅಂದುಬಿಟ್ಟ ಕ್ಲಾರಿ. ಅವನು ಎಂದಿನಂತೆ ಎಲ್ಲ ಸದ್ದಿಗೂ ಕಾರಣ ಹುಡುಕುತ್ತಲೇ ಹೋದ. ಒಂದೊಂದು ಕಾರಣ ಸಿಕ್ಕಾಗಲೂ ಅವನ ಮುಖ ಸಣ್ಣಗಾಗುವುದನ್ನು ನಾನು ಕೌಂಟರಿನ ಈಚೆಯಿಂದ ನೋಡಿದ್ದೇನೆ. ಕೆಲಸದಲ್ಲಿ ಗೆದ್ದಾಗಲೆಲ್ಲ ಸೋಲುವ ಮನುಷ್ಯನನ್ನು ನಾನು ಅವನೊಬ್ಬನನ್ನೇ ಕಂಡದ್ದು.

ಹೀಗೆ ಎಪ್ಪತ್ತೆಂಟು ಬಂತು. ಕ್ಲಾರಿಗೆ ನವೆಂಬರಿನಲ್ಲಿ ಅರವತ್ತೈದು ತುಂಬುವುದಿತ್ತು, ನಿವೃತ್ತಿ. ಸಮುದ್ರದ ದಂಡೆಯಲ್ಲಿರುವ ತಂಗಿಯ ಮನೆಗೆ ಹೋಗಿಬಿಡುತ್ತೇನೆ ಅಂತ ಪತ್ರ ಬರೆದ. ಅಂಚೆ ಚೀಟಿ ಹಚ್ಚಿದವಳು ನಾನು. ಮಧ್ಯಾಹ್ನವೇ ಬೆರಿಲ್‌ಗೆ ಸುದ್ದಿ ಮುಟ್ಟಿಸಿದವಳೂ ನಾನೇ. ಅವಳು ಹಿಟ್ಟು ನಾದುತ್ತಿದ್ದಳು, ಕೈ ನಿಂತುಹೋಯಿತು. ಅವಳಿಗೆ ಅವನ ಮೇಲೆ ಮನಸ್ಸಿದ್ದದ್ದು ಇಡೀ ಊರಿಗೆ ಗೊತ್ತಿತ್ತು, ಕ್ಲಾರಿಯೊಬ್ಬನನ್ನು ಬಿಟ್ಟು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು, ಹೋಗಿ ನೀನೇ ಹೇಳಿಬಿಡು ಅಂದೆ. ಆಡಿದ ಮಾತು ವಾಪಸ್ ತೆಗೆದುಕೊಳ್ಳುವುದಕ್ಕೆ ತಾನೇನು ಚುನಾವಣೆಗೆ ನಿಂತಿದ್ದೀನಾ ಅಂತ ನನ್ನನ್ನೇ ಕೇಳಿದಳು.

ಆಗಸ್ಟ್ ಮಧ್ಯದಲ್ಲಿ ಅವಳಿಂದ ಡಬ್ಬೋ ಪಟ್ಟಣದ ಅಂಗಡಿಯೊಂದಕ್ಕೆ ಫೋನು. ಬ್ಯಾಟರಿಯಿಂದ ಬೇಲಿ ತಂತಿಗೆ ಕರೆಂಟು ಬಿಡುವ ಡಬ್ಬಿ ಒಂದು ಬೇಕು, ಪಾರ್ಸೆಲ್ ಕಳಿಸಿ. ಬೆರಿಲ್‌ಗೆ ಬೇಲಿ ಇಲ್ಲ, ಕುರಿ ಇಲ್ಲ, ಒಂದು ಕೋಳಿಯೂ ಇಲ್ಲ. ಪಾರ್ಸೆಲ್ ಬಂದಾಗ ಕೌಂಟರಿನ ಮೇಲೆ ಬಗ್ಗಿ, "ಮೇವಿಸ್, ನೀನು ಏನೂ ಕೇಳಿಸಿಕೊಂಡಿಲ್ಲ, ತಿಳೀತಾ," ಅಂದಳು. ನಾನು ಯಾವತ್ತು ಏನು ಕೇಳಿಸಿಕೊಂಡಿದ್ದೇನೆ ಅಂದೆ. ಮುಂದಿನ ಸೋಮವಾರ ಅವಳು ತಂಡದ ಜೊತೆ ಮೊದಲನೇ ಫಾರ್ಮಿಗೆ ಹೊರಟಳು, ಹಿಟ್ಟಿನ ಮೂಟೆ, ಚಹಾದ ಪೆಟ್ಟಿಗೆ, ಒಲೆಯ ಸಾಮಾನು, ಅದರ ಅಡಿಯಲ್ಲಿ ಆ ಡಬ್ಬಿ.

ಅದೇ ವಾರ ತಟ್ಟೆಗೆ ಟಿಕ್ ಟಿಕ್ ಬಿತ್ತು.

ತಟ್ಟೆಯಲ್ಲಿ ಆಗ ಡಾಕ್ಟರ್ ವರ್ಗಾ ಅಂತ ಒಬ್ಬರಿದ್ದರು. ಐವತ್ತಾರರಲ್ಲಿ ಹಂಗೇರಿಯಿಂದ ಹಡಗು ಹತ್ತಿ ಬಂದವರು, ತುಂಬಾ ಓದಿದವರು, ಅಷ್ಟೇ ಮರ್ಯಾದೆಯವರು. ಬೇರೆ ಲೋಕದಲ್ಲಿ ಬುದ್ಧಿಯುಳ್ಳ ಜೀವಿಗಳಿದ್ದರೆ ಅವರು ಕಳಿಸುವ ಸನ್ನೆಯನ್ನು ಹಿಡಿಯಬೇಕು ಅನ್ನುವುದು ಅವರ ಹಟ. ಬೇರೆ ವಿಜ್ಞಾನಿಗಳು ಇವರನ್ನು ನೋಡಿ ಮೀಸೆಯಡಿ ನಗುತ್ತಿದ್ದರು. ತಟ್ಟೆಯ ಒಂದು ಮೂಲೆಯಲ್ಲಿ ಪುಟ್ಟ ಯಂತ್ರವೊಂದನ್ನು ಇಟ್ಟುಕೊಳ್ಳಲು ಮಾತ್ರ ಜಾಗ ಕೊಟ್ಟಿದ್ದರು. ಟಿಕ್ ಟಿಕ್ ಕೇಳಿದ ಮೊದಲ ದಿನ ವರ್ಗಾ ಕೂಡ ನಂಬಲಿಲ್ಲ, ಅದು ಬೇಲಿಯೇ ಇರಬೇಕು ಅಂತ ಕ್ಲಾರಿಯನ್ನು ಕರೆದರು. ಕ್ಲಾರಿಯೂ ಬೇಲಿಯೇ ಅಂದ, ಎರಡು ದಿನ ಕೊಡಿ ಅಂದ.

ಎರಡು ದಿನ ಆರು ವಾರವಾಯಿತು. ಅವನು ಇನ್ನೂರು ಮೈಲಿ ಬೇಲಿ ನಡೆದ. ಹ್ಯಾರಿಗನ್‌ನನ್ನು ಬೈದ, ಅವನದಲ್ಲ ಅಂತ ಗೊತ್ತಾದ ಮೇಲೆ ಹೋಗಿ ಕ್ಷಮೆ ಕೇಳಿದ. ಸದ್ದು ಈ ವಾರ ಉತ್ತರದಿಂದ ಬಂದರೆ ಮುಂದಿನ ವಾರ ಪಶ್ಚಿಮದಿಂದ. ಹತ್ತಿರ ಹೋದರೆ ನಿಂತೇ ಹೋಗುತ್ತಿತ್ತು. ಅದು ಯಾಕೆ ಅಂದರೆ, ಕ್ಲಾರಿ ಮರ್ಯಾದಸ್ಥ. ನಮ್ಮ ಕಡೆ ಉಣ್ಣೆ ಕತ್ತರಿಸುತ್ತಿರುವ ಶೆಡ್ಡಿಗೆ ನಡುವೆ ನುಗ್ಗುವುದು ಹೋಗಲಿ, ಅಂಗಳಕ್ಕೆ ಗಾಡಿ ತರುವುದೂ ಸಲ್ಲದು. ಕುರಿ ಬೆದರುತ್ತದೆ, ಕೈ ತಪ್ಪುತ್ತದೆ. ಬರುವವರು ಸ್ಮೋಕೋಗೆ ಬರಬೇಕು, ಅಂದರೆ ಕತ್ತರಿ ಕೆಳಗಿಟ್ಟು ಟೀ ಕುಡಿಯುವ ಆ ಅರ್ಧ ಗಂಟೆಗೆ. ಕ್ಲಾರಿ ಗೇಟಿನಾಚೆ ವ್ಯಾನು ನಿಲ್ಲಿಸಿ, ಗಂಟೆ ಹೊಡೆಯುವವರೆಗೆ ಕಾದು, ಟೋಪಿ ತೆಗೆದು ಒಳಗೆ ಬರುತ್ತಿದ್ದ. ಅಷ್ಟರಲ್ಲಿ ಬೆರಿಲ್ ಡಬ್ಬಿ ಆರಿಸಿ ಟೀ ತಂದಿರುತ್ತಿದ್ದಳು. ಅಡುಗೆಮನೆಯ ಹಿಂದೆ ಅವಳು ಟವೆಲ್ ಒಣಗಿಸುವ ತಂತಿಗೇ ಆ ಡಬ್ಬಿ ಸಿಕ್ಕಿಸಿದ್ದಳು. ಆ ತಂತಿಯ ಕೆಳಗೇ ಕೂತು ಕ್ಲಾರಿ ಅವಳು ಸುಟ್ಟ ಸ್ಕೋನ್ ಬನ್ನು ತಿಂದು, ಈ ಸಲದ ಸದ್ದು ವಿಚಿತ್ರವಾಗಿದೆ ಬೆರಿಲ್ ಅಂತ ಅವಳಿಗೇ ಹೇಳುತ್ತಿದ್ದ. ಹೌದಾ, ಇನ್ನೊಂದು ಸ್ಕೋನ್ ತಗೋ ಅನ್ನುತ್ತಿದ್ದಳು. ಇದನ್ನೆಲ್ಲ ಅವಳು ಶನಿವಾರ ಊರಿಗೆ ಬಂದಾಗ ನನಗೆ ಹೇಳಿ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನಾನು ನಗುವುದನ್ನು ನಿಲ್ಲಿಸಿದ್ದು ವರ್ಗಾ ಅವರನ್ನು ನೋಡಿ. ಆರನೇ ವಾರದ ಹೊತ್ತಿಗೆ ಅವರು ಬೇರೆಯೇ ಮನುಷ್ಯ. ಕೋಟಿಗೆ ಇಸ್ತ್ರಿ ಹಾಕಿಸಿದ್ದರು. ಅಕ್ಟೋಬರ್ ಆರು, ಶುಕ್ರವಾರ, ಮಧ್ಯಾಹ್ನ ಒಂದೂವರೆಗೆ ಅಂಚೆ ಕಚೇರಿಗೆ ಬಂದು, ಮೂರು ಗಂಟೆಗೆ ಸಿಡ್ನಿಗೆ ಒಂದು ಕಾಲ್ ಬೇಕು, ಪತ್ರಿಕೆಯವರಿಗೆ ಅಂದರು. ನನ್ನ ಕೈಯಲ್ಲಿದ್ದ ಪೆನ್ಸಿಲ್ ನಿಂತಿತು. ಅವರ ತರ್ಕ ಹೀಗಿತ್ತು: ಭೂಮಿಯ ಸದ್ದಾಗಿದ್ದರೆ ಕ್ಲಾರಿ ಪಾಸ್ಕೋಗೆ ಸಿಗುತ್ತಿತ್ತು. ಕ್ಲಾರಿಗೆ ಸಿಗಲಿಲ್ಲ. ಆದ್ದರಿಂದ ಅದು ಭೂಮಿಯದಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ನೋಡಿದ್ದೆ, ಕಟ್ಟುವ ಮುಂಚೆ ಇಷ್ಟು ಶಿಸ್ತಾಗಿ ಲೆಕ್ಕ ಹಾಕಿದವರನ್ನು ನೋಡಿರಲಿಲ್ಲ. ಕ್ಲಾರಿ ಪುಸ್ತಕ ತಂದು, ಪತ್ತೆಯಾಗಿಲ್ಲ ಅಂತ ಬರೆದು ಸಹಿ ಹಾಕಿದರೆ ಆಯಿತು, ಫೋನು ಮಾಡಿಬಿಡುತ್ತಾರೆ.

ಕ್ಲಾರಿ ಎರಡಕ್ಕೆ ಹತ್ತು ನಿಮಿಷವಿದ್ದಾಗ ಬಂದ. ಆರು ವಾರದಲ್ಲಿ ಸೊರಗಿದ್ದ, ಆದರೆ ಕಣ್ಣಿನಲ್ಲಿ ಒಂದು ಬೆಳಕಿತ್ತು. ನನಗೆ ಅರ್ಥವಾಯಿತು. ಅವನ ಕೈಗೆ ಕೊನೆಗೂ ಕಾರಣ ಸಿಗದ ಸದ್ದು ಬಂದಿತ್ತು. ಇವತ್ತು ಬರೆದು ಸಹಿ ಹಾಕಿದರೆ ಬೆರಿಲ್ ಅವನವಳು. ನಾನು ಬಾಯಿ ಬಿಟ್ಟರೆ ಅವನ ಮದುವೆ ಮುರಿಯಿತು, ಬಿಡದಿದ್ದರೆ ಮೂರು ಗಂಟೆಗೆ ಡಾಕ್ಟರ್ ವರ್ಗಾ ಇಡೀ ದೇಶದ ಮುಂದೆ ನಗೆಪಾಟಲು. ಇಷ್ಟು ವರ್ಷದಲ್ಲಿ ಮೊದಲ ಸಲ, ಕೇಳಿಸಿಕೊಳ್ಳದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಸಹಿ ಹಾಕುವ ಮುಂಚೆ ಕ್ಲಾರಿ ನಿಮ್ಮ ದಾಖಲೆ ಸ್ವಲ್ಪ ತೋರಿಸಿ ಅಂದ. ವರ್ಗಾ ಖುಷಿಯಿಂದ ಕಾಗದ ಹರಡಿದರು. ಸದ್ದು ಎರಡು ಗಂಟೆ ಬರುತ್ತದೆ, ಅರ್ಧ ಗಂಟೆ ನಿಲ್ಲುತ್ತದೆ. ಮತ್ತೆ ಎರಡು ಗಂಟೆ, ಆಮೇಲೆ ಒಂದು ಗಂಟೆ ಬಿಡುವು. ಮತ್ತೆ ಎರಡು, ಅರ್ಧ, ಎರಡು. ಆಮೇಲೆ ಹದಿನಾಲ್ಕು ಗಂಟೆ ಮೌನ. ಐದು ಸಲ ಹೀಗಾದ ಮೇಲೆ ಎರಡು ದಿನ ಪೂರ್ತಿ ಮೌನ. ಆ ಗ್ರಹಕ್ಕೆ ಒಂದು ದೊಡ್ಡ ಚಂದ್ರ, ಎರಡು ಚಿಕ್ಕ ಚಂದ್ರ ಇರಬೇಕು, ಅವು ಅಡ್ಡ ಬಂದಾಗ ಸದ್ದು ಮರೆಯಾಗುತ್ತದೆ ಅಂತ ಅವರು ಬೆರಳಿನಿಂದ ಗಾಳಿಯಲ್ಲಿ ಸುತ್ತು ಬರೆದು ತೋರಿಸಿದರು.

ಕಾಗದದಲ್ಲಿದ್ದ ಸಮಯವೆಲ್ಲ ಲಂಡನ್ನಿನದು, ನಮ್ಮದಕ್ಕಿಂತ ಹತ್ತು ಗಂಟೆ ಹಿಂದೆ, ವಿಜ್ಞಾನಿಗಳ ಪದ್ಧತಿ ಅದು. ಕ್ಲಾರಿ ಸಿಗರೇಟು ಪ್ಯಾಕಿನ ಬೆನ್ನ ಮೇಲೆ ಹತ್ತು ಹತ್ತು ಗಂಟೆ ಕೂಡಿಸಿದ. ಏಳೂವರೆ. ಒಂಬತ್ತೂವರೆ. ಹತ್ತು. ಹನ್ನೆರಡು. ಒಂದು. ಮೂರು. ಮೂರೂವರೆ. ಐದೂವರೆ. ನಾನು ಕೌಂಟರಿನಿಂದ ತಲೆಕೆಳಗಾಗಿ ಓದಿದೆ. ನಮ್ಮ ಊರಲ್ಲಿ ಎಬಿಸಿಡಿ ಬರದ ಮಕ್ಕಳಿಗೂ ಈ ಪಟ್ಟಿ ಬರುತ್ತದೆ. ಉಣ್ಣೆ ಕತ್ತರಿಸುವವರ ಗಂಟೆ ಅದು. ನಮ್ಮ ಅಜ್ಜಂದಿರು ಮುಷ್ಕರ ಹೂಡಿ, ಲಾಠಿ ತಿಂದು ಸಂಪಾದಿಸಿದ ಗಂಟೆ. ಡಾಕ್ಟರ್ ವರ್ಗಾ ಅವರ ಅನ್ಯಲೋಕದವರು ನಮ್ಮ ಯೂನಿಯನ್ ಸದಸ್ಯರಾಗಿದ್ದರು, ಸ್ಮೋಕೋ ತಪ್ಪಿಸುತ್ತಿರಲಿಲ್ಲ, ಶನಿವಾರ ಭಾನುವಾರ ರಜೆ.

ಕ್ಲಾರಿ ನಗಲಿಲ್ಲ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಅವನ ತಲೆ ಹೇಗೆ ಓಡುತ್ತದೆ ಅಂತ ನನಗೆ ಗೊತ್ತಿದ್ದರಿಂದ ಬೆನ್ನು ನೋಡಿಯೇ ಹೇಳಬಲ್ಲವಳಾಗಿದ್ದೆ. ವಾರಕ್ಕೊಂದು ದಿಕ್ಕು, ಅಂದರೆ ವಾರಕ್ಕೊಂದು ಫಾರ್ಮು, ಅಂದರೆ ಒಂದೇ ತಂಡ. ಸ್ಮೋಕೋ ಹೊತ್ತಿನಲ್ಲಿ ತಂಡದವರೆಲ್ಲ ಕಾಲು ಚಾಚಿ ಕೂತಿರುತ್ತಾರೆ, ತುಂಟತನಕ್ಕೆ ಬೇಕಾದಷ್ಟು ಬಿಡುವು. ಆಗಲೇ ಸದ್ದು ನಿಲ್ಲುತ್ತದೆ ಅಂದರೆ, ಬೇರೆಯವರು ಕೂತಾಗ ಕೈ ಬಿಡುವಿಲ್ಲದವರು ಯಾರೋ ಮಾಡುತ್ತಿದ್ದಾರೆ. ಶೆಡ್ಡಿನಲ್ಲಿ ಅಂಥವರು ಒಬ್ಬರೇ, ಅಡುಗೆಯವಳು. ಅವಳ ಬಳಿ ಇರುವ ತಂತಿಯೂ ಒಂದೇ, ಅವನು ಕೆಳಗೆ ಕೂತು ಸ್ಕೋನ್ ತಿಂದದ್ದು. ಅವನ ಭುಜ ಮೆಲ್ಲಗೆ ಕೆಳಗಿಳಿಯಿತು. ಗೆದ್ದಿದ್ದ, ಮತ್ತೆ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಐದು ನಿಮಿಷ ಬಿಟ್ಟು ಒಳಗೆ ಬಂದ. ಪುಸ್ತಕ ತೆರೆದು, ತಾರೀಖು ಬರೆದು, ಸದ್ದು ಬರೆದು, ಮೂಲದ ಖಾನೆಯಲ್ಲಿ ಏನೋ ಬರೆದ. ನಾಲ್ಕನೇ ಖಾನೆಯ ಮೇಲೆ ಪೆನ್ನು ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ, "ಮೇವಿಸ್, ವಿಲ್ಗಾ ಡೌನ್ಸ್ ಅಡುಗೆಮನೆಗೆ ಫೋನು ಹಾಕು," ಅಂದ.

ತಂಡ ಆ ವಾರ ಇದ್ದ ಫಾರ್ಮು ಅದು. ಆ ಕಡೆಯ ಆರು ಫಾರ್ಮಿಗೂ ಒಂದೇ ಲೈನು. ಎರಡು ಉದ್ದ, ಒಂದು ಗಿಡ್ಡ ಗಂಟೆ ಹೊಡೆದರೆ ವಿಲ್ಗಾ ಡೌನ್ಸ್‌ಗೆ ಅಂತ ಅರ್ಥ. ಅಂದರೆ ಮಿಕ್ಕ ಐವರೂ ಮೆಲ್ಲಗೆ ಫೋನು ಎತ್ತಿ ಉಸಿರು ಬಿಗಿಹಿಡಿಯಬೇಕು ಅಂತಲೂ ಅರ್ಥ. ಟಕ್, ಟಕ್, ಟಕ್ ಅಂತ ಐದೂ ಎದ್ದವು. ಬೆರಿಲ್‌ಳ ಧ್ವನಿ ಬಂತು. ಕ್ಲಾರಿಗೆ ಕಿವಿ ಸ್ವಲ್ಪ ಮಂದ, ಅವನಿಗಾಗಿ ಜೋರು ಮಾಡಿದ ಫೋನು ಇಡೀ ಕೋಣೆಗೆ ಕೇಳಿಸುತ್ತಿತ್ತು.

"ಆ ಟವೆಲ್ ತಂತಿಯಿಂದ ಡಬ್ಬಿ ತೆಗಿ ಬೆರಿಲ್. ಮಳೆ ಬಂದ್ರೆ ನಿನಗೇ ಶಾಕ್ ಹೊಡೆಯುತ್ತೆ."

ಡಾಕ್ಟರ್ ವರ್ಗಾ ಕಾಗದಗಳನ್ನು ಒಂದೊಂದಾಗಿ ಮಡಚಲು ಶುರು ಮಾಡಿದರು. ಜಾಣ ಮನುಷ್ಯ, ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ.

"ಮೂಲ ಬರೆದಾಯ್ತು," ಅಂದ ಕ್ಲಾರಿ. "ಕಾರಣದ ಖಾನೆ ಖಾಲಿ ಉಳಿದಿದೆ. ಏನು ಬರೀಲಿ?"

"ಕಾರಣ ಹುಡುಕೋನು ನೀನು. ನನ್ನೇನು ಕೇಳ್ತೀಯ?"

"ಹುಡುಕಿದೆ. ಸಿಗ್ತಿಲ್ಲ. ಬೇಲಿ ಇಲ್ಲದೋಳಿಗೆ ಬೇಲಿ ಡಬ್ಬಿ ಯಾಕೆ? ನನ್ನ ಮೇಲೆ ಸಿಟ್ಟು ಅಂದ್ಕೊಂಡ್ರೆ, ಎರಡೆರಡು ಸ್ಕೋನ್ ಬಡಿಸಿದೀಯ. ತಮಾಷೆಗೆ ಅಂದ್ಕೊಂಡ್ರೆ, ಇಪ್ಪತ್ತು ಜನಕ್ಕೆ ಬೇಯಿಸೋಳು ಆರು ವಾರ ತಮಾಷೆ ಮಾಡ್ತಾ ಕೂರಲ್ಲ. ನನಗೆ ತಿಳೀತಿಲ್ಲ ಬೆರಿಲ್."

ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲವೋ, ಅಥವಾ ಜೀವನದಲ್ಲಿ ಒಂದೇ ಒಂದು ಸಲ ಜಾಣತನ ಮಾಡಿದನೋ, ಅದನ್ನು ಅವನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಏನೂ ಗೊತ್ತಾಗಲಿಲ್ಲ.

"ತಿಳೀಲಿಲ್ಲ ಅಂತ ಪುಸ್ತಕದಲ್ಲಿ ಬರೀತೀಯಾ?" ಅಂದಳು ಬೆರಿಲ್. ಇಪ್ಪತ್ತು ಗಂಡಸರನ್ನು ಆಳುವ ಆ ಧ್ವನಿ ಸಣ್ಣಗೆ ನಡುಗುತ್ತಿತ್ತು. "ಕಾರಣ ಸಿಗಲಿಲ್ಲ ಅಂತ? ಕೆಳಗೆ ಸಹಿ ಹಾಕಿ?"

"ನಿಜ ಅದೇ ಆಗಿದ್ರೆ ಅದನ್ನೇ ಬರೀಬೇಕು."

"ಹಂಗಾದ್ರೆ ಬರಿ, ಕ್ಲಾರಿ. ಬರೆದು ಬಾ. ನಾನು ಹೇಳಿದ ಮಾತು ಹೇಳಿದ್ದೇ. ಮೂರಕ್ಕೆ ಸ್ಮೋಕೋ."

ಅವಳು ಫೋನಿಟ್ಟಳು. ಮಿಕ್ಕ ಐವರು ಇಡಲಿಲ್ಲ. ಆಮೇಲೆ, ಯಾವತ್ತೂ ತಾನು ಕದ್ದು ಕೇಳುತ್ತೇನೆ ಅಂತ ಒಪ್ಪದ ಮುದುಕಿ ಮಿಸೆಸ್ ಟುಲ್ಲಿ, "ವಿಲ್ಗಾಗೆ ಮುಕ್ಕಾಲು ಗಂಟೆ ದಾರಿ ಕಣಪ್ಪ, ನಿಂತ್ಕೊಂಡೇನು ಮಾಡ್ತಿದೀಯ," ಅಂದರು. ಕ್ಲಾರಿ ಖಾನೆ ತುಂಬಿದ, ಸಹಿ ಹಾಕಿದ, ಪುಸ್ತಕವನ್ನು ವರ್ಗಾ ಅವರ ಕಡೆ ತಳ್ಳಿ, ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ, ಕ್ಷಮಿಸಿ ಡಾಕ್ಟ್ರೇ ಅಂದ. ಟೋಪಿ ಮರೆತು ಹೋದ. ಆ ವ್ಯಾನು ಅಷ್ಟು ಜೋರಾಗಿ ಓಡಬಲ್ಲದು ಅಂತ ಊರಿಗೆ ಅವತ್ತೇ ಗೊತ್ತಾದದ್ದು.

ವರ್ಗಾ ಪುಸ್ತಕವನ್ನು ಓದಿ ನನ್ನ ಕಡೆ ತಿರುಗಿಸಿದರು. ಮೂಲ: ಬುದ್ಧಿಯುಳ್ಳ ಜೀವಿ, ವಿಲ್ಗಾ ಡೌನ್ಸ್ ಅಡುಗೆಮನೆ. ಕಾರಣ: ಪತ್ತೆಯಾಗಿಲ್ಲ.

ಅವರು ಅಳುತ್ತಾರೋ ಅಂತ ಹೆದರಿದ್ದೆ, ಅಳಲಿಲ್ಲ. ಬೆರಿಲ್ ಹಾಕಿದ್ದ ಷರತ್ತಿನ ಕಥೆ ನಾನು ಹೇಳಿದೆ; ಕ್ಲಾರಿ ಅವಳನ್ನು ಮದುವೆಗೆ ಕೇಳಿ ಎಷ್ಟು ದಿನವಾಗಿತ್ತು ಅಂತ ವಿಚಾರಿಸಿದರು. ಎಪ್ಪತ್ತರ ಜನವರಿ, ಅಂದರೆ ಎಂಟು ವರ್ಷ ಒಂಬತ್ತು ತಿಂಗಳು ಅಂದೆ. ಅವರು ಮೆಲ್ಲಗೆ ನಕ್ಕರು. ನಮಗೆ ತೀರ ಹತ್ತಿರದ ನಕ್ಷತ್ರಕ್ಕೆ ಇವತ್ತು ಒಂದು ಮಾತು ಕಳಿಸಿ, ಅಲ್ಲಿಯವರು ತಕ್ಷಣ ಉತ್ತರ ಕೊಟ್ಟರೂ, ಅದು ಬಂದು ಮುಟ್ಟಲು ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕಂತೆ.

"ಹಂಗಾದ್ರೆ ನೀವು ಅಲ್ಲಿಯವರನ್ನ ಕೇಳಿ ಎಷ್ಟು ವರ್ಷವಾಯ್ತು ಡಾಕ್ಟ್ರೇ?" ಅಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾವು ಕೇಳಿಸಿಕೊಳ್ತಾ ಕೂತಿದ್ದೀವಿ ಅಷ್ಟೇ, ಮೇವಿಸ್. ನಾವಾಗಿ ಏನನ್ನೂ ಕೇಳಿಲ್ಲ."

ನನಗೆ ಸಿಟ್ಟೇ ಬಂತು. ಇಷ್ಟು ಓದಿಕೊಂಡು, ಇಷ್ಟು ದೊಡ್ಡ ತಟ್ಟೆ ಇಟ್ಟುಕೊಂಡು, ಇಪ್ಪತ್ತು ವರ್ಷದಿಂದ ಕದ್ದು ಕೇಳುವ ಕೆಲಸ! ಅದಕ್ಕೆ ನಾನೊಬ್ಬಳು ಸಾಲದೇ? ಸಿಡ್ನಿಯ ಕಾಲ್ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದೆ.

"ಇವತ್ತೇ ಕೇಳಿಬಿಡಿ," ಅಂದೆ. "ನನಗೀಗ ಐವತ್ತೊಂಬತ್ತು. ಉತ್ತರ ಬಂದಾಗ ನಾನೂ ಕೇಳಿಸಿಕೊಳ್ಳಬೇಕು."